ಹಾಲಮ್ಮನ ಹೊಲದಲ್ಲಿ ಇಲ್ಲದ ಗಂಧದ ಮರ

ದೆವ್ವ, ಗಾಳಿ, ಶಕುನ ಅಂದರೆ ನನಗೆ ನಗು ಬರುತ್ತಿತ್ತು. ಈಗಲೂ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ದೃಷ್ಟಿಯಾಗಿದೆ ಎಂದರೆ, ಸುಮ್ಮನೆ ಡಾಕ್ಟರ ಹತ್ತಿರ ಹೋಗಿ ಅನ್ನುವವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ನನ್ನನ್ನು ಅದನ್ನೆಲ್ಲ ನಂಬುವವರ ಪೈಕಿ ಸೇರಿಸಬಾರದು ನೋಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅರ್ಥ ನೀವೇ ಹುಡುಕಿಕೊಳ್ಳಿ, ನನಗಂತೂ ಸಿಕ್ಕಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಫಾರೆಸ್ಟರ್ ಆಗಿ ಹೊನ್ನಾಳಿ, ನ್ಯಾಮತಿ ಕಡೆ ಸೈಕಲ್ ತುಳಿಯುತ್ತಿದ್ದೆ. ಆಗ ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. ರಾಜರ ಕಾಲದಿಂದಲೂ ಹಾಗೇ. ಬಿಳಿಯರು ಬಂದು ಅದನ್ನು ಇನ್ನಷ್ಟು ಬಿಗಿ ಮಾಡಿ, ಒಂದೊಂದು ಮರವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಾವು ಅದೇ ಪುಸ್ತಕವನ್ನು ಮುಂದುವರಿಸಿದೆವು, ಅಷ್ಟೇ. ಮರ ಕಳುವಾದರೆ ಮೊದಲು ಹಿಡಿಯುವುದು ಹೊಲದ ಯಜಮಾನನನ್ನು.

ಗೋವಿನಕೋವಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಹಾಲಮ್ಮ ಎಂಬ ವಿಧವೆ ಇದ್ದಳು, ಅರವತ್ತು ದಾಟಿದ ಹೆಂಗಸು. ನಮ್ಮ ರಿಜಿಸ್ಟರಿನ ಪ್ರಕಾರ ಅವಳ ಹೊಲದಲ್ಲಿ ಒಂದು ದೊಡ್ಡ ಗಂಧದ ಮರ. ಪ್ರತಿ ಎಣಿಕೆಯಲ್ಲೂ ಅದರ ಸುತ್ತಳತೆ ಒಂದಿಷ್ಟು ಹೆಚ್ಚುತ್ತಲೇ ಬಂದಿತ್ತು. ಆ ವರ್ಷ ಹೊಸದಾಗಿ ಬಂದ ಗಾರ್ಡು ಉತ್ಸಾಹದ ಮನುಷ್ಯ, ಹೊಲಕ್ಕೇ ಹೋಗಿ ನೋಡಿದ. ಮರ ಇಲ್ಲ. ಕಳ್ಳತನ ಎಂದು ವರದಿ ಕೊಟ್ಟ. ಕೇಸು ಹಾಕಿ ಹಾಲಮ್ಮನನ್ನು ಕರೆತರುವ ಕೆಲಸ ನನ್ನ ತಲೆಗೆ ಬಂತು.

ನಾನೂ ಗಾರ್ಡೂ ಹೋದಾಗ ಬೇಸಿಗೆಯ ನಡುಮಧ್ಯಾಹ್ನ. ಹಾಲಮ್ಮ ಹೊಲದಲ್ಲಿ ಜೋಳದ ಕೂಳೆ ಕೀಳುತ್ತಿದ್ದಳು. ವಿಷಯ ಕೇಳಿ ಅಲ್ಲೇ ಕೂತುಬಿಟ್ಟಳು. ತಾನು ಲಗ್ನವಾಗಿ ಈ ಮನೆಗೆ ಬಂದಾಗಿನಿಂದ ಇಲ್ಲಿ ಅಂಥ ಮರವೇ ಇರಲಿಲ್ಲ ಎಂದು ಆಣೆ ಮಾಡಿದಳು. ನಾವು ನಂಬಲಿಲ್ಲ ಎಂದು ಕಂಡು, ನಂಬಿಸಲು ಹೀಗೆಂದಳು:

“ಗಂಧದ ಸಸಿ ಕಂಡ್ರೆ ನಾನು ಬಿಡಾಕಿಲ್ಲ ಸ್ವಾಮಿ. ಹಕ್ಕಿ ಬೀಜ ಹಾಕಿ ಬದುವಿನಾಗೆ ಹುಟ್ಟಿದ್ನೆಲ್ಲ ನಾನೇ ಕಿತ್ತು ಬಿಸಾಕೀನಿ. ಮರ ಬೆಳೆಯಾಕೆ ಬಿಟ್ರೆ ತಾನೆ ಕದಿಯೋದು?”

ಗಾರ್ಡಿನ ಮುಖ ಅರಳಿತು, ಕೇಸು ಬರೆಯುವ ಪುಸ್ತಕ ಹೊರತೆಗೆದ. ಸಸಿ ಕೀಳುವುದೂ ಅಪರಾಧವೇ. ಪಾಪ, ತಪ್ಪಿಲ್ಲ ಎಂದು ತೋರಿಸಲು ಹೋಗಿ ಇನ್ನೊಂದು ತಪ್ಪು ಒಪ್ಪಿಕೊಂಡಿದ್ದಳು. ಆ ಸೀಮೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅತ್ತೆಯರು ಸೊಸೆಯರಿಗೆ ಗಂಧದ ಎಲೆ ತೋರಿಸಿಕೊಡುತ್ತಿದ್ದದ್ದೇ, ಕಂಡ ಕೂಡಲೆ ಕೀಳಲಿ ಎಂದು. ಪೊಲೀಸರನ್ನು ಮನೆಗೆ ಕರೆತರುವ ಮರ ಯಾರಿಗೆ ಬೇಕು? ಪುಸ್ತಕ ಒಳಗಿಡಪ್ಪಾ ಎಂದು ಗಾರ್ಡಿಗೆ ಗದರಿದೆ. ಆದರೂ ದೊಡ್ಡ ಮರದ ಕೇಸು ಹಾಗೇ ನಿಂತಿತ್ತು, ಸಂಜೆಗೆ ಅವಳನ್ನು ಕರೆದೊಯ್ಯಲೇಬೇಕಿತ್ತು.

ಆಗ ವಾಸನೆ ಬಂತು. ಈಗ ತಾನೇ ಗರಗಸ ಹಾಕಿದ ಗಂಧದ ತಿರುಳಿನ ವಾಸನೆ. ನಿಂತ ಗಂಧದ ಮರಕ್ಕೆ ವಾಸನೆ ಇರುವುದಿಲ್ಲ, ಕೊಯ್ದರೆ ಮಾತ್ರ. ಅದೂ ಅಲ್ಲದೆ ನಾನು ಗಂಧದ ಡಿಪೋದಲ್ಲಿ ವರ್ಷಗಟ್ಟಲೆ ಇದ್ದು ಆ ವಾಸನೆಗೆ ಮೂಗು ಸತ್ತವನು, ಮೂಗಿನ ಹತ್ತಿರ ಪುಡಿ ಹಿಡಿದರೂ ನನಗೆ ಗೊತ್ತಾಗುತ್ತಿರಲಿಲ್ಲ. ಗಾರ್ಡನ್ನು ಕೇಳಿದೆ, ಇಲ್ಲ ಸಾರ್ ಎಂದ. ಹಾಲಮ್ಮನೂ ಇಲ್ಲ ಅಂದಳು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ವಾಸನೆ ಹಿಡಿದು ನಡೆದೆ. ಹೊಲದ ನಡುವೆ ಒಂದು ಕಡೆ ಗಂಟಲು ಕಟ್ಟುವಷ್ಟು ದಟ್ಟವಾಗಿತ್ತು. ಒಂದು ಹೆಜ್ಜೆ ಆಚೆ ಇಟ್ಟರೆ ಏನೂ ಇಲ್ಲ. ನಾಲ್ಕೂ ದಿಕ್ಕಿನಿಂದ ಬಂದು ನೋಡಿದೆ, ಅದೇ ಜಾಗ. ಸುಳ್ಳು ಯಾಕೆ ಹೇಳಲಿ, ಹಾಡುಹಗಲೇ ಮೈ ಜುಮ್ಮೆಂದಿತು.

ಹಾಲಮ್ಮನ ಗುದ್ದಲಿ ಇಸಿದುಕೊಂಡು ಗಾರ್ಡಿನ ಕೈಲಿ ಅಗೆಸಿದೆ. ಸುತ್ತಲೂ ಕೆಂಪು ನೆಲ, ಅಲ್ಲಿ ಮಾತ್ರ ಗುಂಡಿ ಮುಚ್ಚಲು ತುಂಬಿದ ಕೆರೆಯ ಕಪ್ಪು ಗೋಡುಮಣ್ಣು. ತೊಡೆಯುದ್ದ ಆಳದಲ್ಲಿ ಗರಗಸದಿಂದ ಕೊಯ್ದು ಬಿಟ್ಟುಹೋದ ಬೇರಿನ ತುಂಡುಗಳು, ಅವುಗಳ ನಡುವೆ ತುಕ್ಕು ಹಿಡಿದ ಒಂದು ತಗಡು. ಉಜ್ಜಿದರೆ ಇಂಗ್ಲಿಷ್ ಅಂಕಿ ಕಂಡಿತು. ರಿಜಿಸ್ಟರಿನಲ್ಲಿದ್ದ ಮರದ ನಂಬರೇ ಅದು.

ನನಗೆ ಎಲ್ಲ ತಿಳಿಯಿತು. ಕಳ್ಳನಿಗೆ ಹೀಗೆ ನಿಧಾನವಾಗಿ ಬೇರು ಬಿಡಿಸಿ ಗುಂಡಿ ಮುಚ್ಚಲು ಪುರುಸೊತ್ತು ಎಲ್ಲಿರುತ್ತದೆ? ಹಾಲಮ್ಮ ಲಗ್ನವಾಗಿ ಬರುವ ಮೊದಲೇ ಸರ್ಕಾರ ಮರವನ್ನು ಕಾಯಿದೆ ಪ್ರಕಾರ ಬೇರುಸಹಿತ ಕೊಂಡೊಯ್ದಿತ್ತು. ಯಾರೋ ಪುಸ್ತಕದಲ್ಲಿ ಹೊಡೆದುಹಾಕಲು ಮರೆತಿದ್ದರು. ಆಮೇಲೆ ಬಂದವರೆಲ್ಲ ಕಚೇರಿಯಲ್ಲೇ ಕೂತು ಆ ಮರವನ್ನು ಬೆಳೆಸಿದ್ದರು. ಹಿಂದಿನ ಎಣಿಕೆಯಲ್ಲಿ ಬೆಳೆಸಿದವನು ನಾನೇ, ಸಹಿ ನನ್ನದೇ. ಆ ಮುದುಕಿಯ ಮುಖ ನೋಡಲು ನಾಚಿಕೆಯಾಯಿತು.

ಬೇರಿನ ತುಂಡು ಮೂಗಿಗೆ ಹಿಡಿದೆ. ಬರೀ ಮಣ್ಣಿನ ವಾಸನೆ. ಗುದ್ದಲಿ ಬಿದ್ದಾಗಿನಿಂದ ಗಂಧದ ಸುಳಿವೇ ಇರಲಿಲ್ಲ.

ತಗಡನ್ನು ತೋರಿಸಿ ಕೇಸು ಮುಚ್ಚಿಸಿದೆ. ಸ್ಥಳ ಪರಿಶೀಲನೆಯಿಂದ ತಿಳಿದುಬಂದಿದೆ ಎಂದು ಬರೆದೆ, ಇನ್ನೇನು ಬರೆಯಲಿ? ಆ ಮಣ್ಣಿನಲ್ಲಿ ಏನಿತ್ತು, ನನ್ನ ಸತ್ತ ಮೂಗಿಗೆ ಏನಾಯಿತು ಎಂದು ಓದಿದವರನ್ನು, ಡಾಕ್ಟರನ್ನು, ಎಲ್ಲರನ್ನೂ ಕೇಳಿದ್ದೇನೆ. ಯಾರ ಉತ್ತರವೂ ನನ್ನನ್ನು ಒಪ್ಪಿಸಿಲ್ಲ.

ಅಂದು ಹೊರಡುವಾಗ ಹಾಲಮ್ಮ ನಮಗೆ ಮಜ್ಜಿಗೆ ಕೊಟ್ಟಳು. ನೆಟ್ಟಗೆ ಅದೇ ಜಾಗಕ್ಕೆ ಹೆಂಗೆ ಹೋದಿರಿ ಎಂದು ಕೇಳಿದಳು. ವಾಸನೆ ಬಂತಮ್ಮ ಎಂದೆ. ಬೇರಿನ ತುಂಡೊಂದನ್ನು ಎತ್ತಿಕೊಂಡು ಅವಳೂ ಮೂಸಿ ನೋಡಿ, ಕೆಳಗಿಟ್ಟಳು.

“ಐವತ್ತು ವರ್ಷ ಇದರ ಮ್ಯಾಲೇ ಬೆವರು ಸುರಿಸೀನಿ, ನನಗೊಂದು ದಿನಾನೂ ಬರಲಿಲ್ಲ. ಸರ್ಕಾರದ ಮರ ಅಲ್ವಾ ಸ್ವಾಮಿ, ವಾಸನೆನೂ ಸರ್ಕಾರದೋರಿಗೇ ಬಂತು.”

ಅವಳು ನಗಲಿಲ್ಲ. ನಾನು ಮಜ್ಜಿಗೆ ಲೋಟ ಕೆಳಗಿಟ್ಟು ಸೈಕಲ್ ಹತ್ತಿದೆ.