ನಗುತ್ತಾ ಬೈಯುವ ಭಾಷೆ

ಪರದೇಶದಲ್ಲಿ ಕನ್ನಡದಲ್ಲಿ ಬೈಯುವಾಗ ನಗಬೇಕು.

ಇದು ಯಾವ ಕ್ಲಾಸಿನಲ್ಲೂ ಹೇಳಿಕೊಡದ ವಿದ್ಯೆ. ಎದುರಿನವರಿಗೆ ಭಾಷೆ ಬರುವುದಿಲ್ಲ, ಸರಿ. ಮುಖ ಓದಲು ಬರುತ್ತದಲ್ಲ? ಹಾಗಾಗಿ ‘ಎಂಥಾ ದರಿದ್ರ ಮನೆ ಕಣೇ, ಇದಕ್ಕೆ ಇಷ್ಟು ರೆಂಟಾ?’ ಎನ್ನುವ ಮಾತನ್ನು ‘ಆಹಾ, ಎಷ್ಟು ಚೆನ್ನಾಗಿದೆ’ ಎನ್ನುವ ಮುಖ ಹೊತ್ತು ಹೇಳಬೇಕು. ಮನೆ ತೋರಿಸಲು ಬಂದ ಏಜೆಂಟ್ ಕೂಡ ನಗುತ್ತಾನೆ. ಎಲ್ಲರೂ ಖುಷಿ. ಸಿಡ್ನಿಗೆ ಬಂದು ಇಷ್ಟು ವರ್ಷಗಳಲ್ಲಿ ನಾನು ಪೂರ್ತಿಯಾಗಿ ಕಲಿತ ಕಲೆ ಇದೊಂದೇ. (ಈಜು ಇನ್ನೂ ಬಂದಿಲ್ಲ.)

ಕಳೆದ ಶನಿವಾರ ಅದೇ ಕಲೆ ಮೆಲ್ಬರ್ನಿಗೆ ಹೋಗುವ ಟ್ರೈನಿನಲ್ಲಿ, ಇಡೀ ಬೋಗಿಯ ಎದುರು, ನನ್ನ ಮಾನವನ್ನು ಹರಾಜಿಗಿಟ್ಟಿತು.

ನನ್ನ ಮಗಳು ಸಿಂಚನಾಗೆ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಯೂನಿವರ್ಸಿಟಿ ಸೀಟು ಸಿಕ್ಕಿದೆ. ಅಲ್ಲೇ ಹತ್ತಿರದಲ್ಲಿ ಒಂದು ಶೇರ್ ಹೌಸ್. ಮೂವರು ಆಗಲೇ ಇದ್ದಾರೆ, ಒಂದು ರೂಮು ಖಾಲಿ. ಆದರೆ ರೂಮು ಇನ್ನೂ ಖಾತ್ರಿಯಾಗಿಲ್ಲ. ಭಾನುವಾರ ಬೆಳಗ್ಗೆ ಆ ಮೂವರೂ ಇವಳನ್ನು ನೋಡಿ, ಮಾತಾಡಿಸಿ, ಒಪ್ಪಬೇಕು. (ಹುಡುಗಿ ನೋಡುವ ಶಾಸ್ತ್ರ ಇಲ್ಲೂ ಇದೆ ಎಂದಾಯಿತು. ಉಪ್ಪಿಟ್ಟು, ಕೇಸರಿಬಾತು ಮಾತ್ರ ಇಲ್ಲ.) ಈ ಮೊದಲು ಎರಡು ಮನೆಯವರು ನೋಡಿ, ‘ಆಮೇಲೆ ತಿಳಿಸ್ತೀವಿ’ ಅಂದು ಸುಮ್ಮನಾಗಿದ್ದರು. ಕ್ಲಾಸು ಶುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ. ಸಿಂಚನಾ ಉಗುರು ಕಚ್ಚುತ್ತಿದ್ದಳು. ನಾನು ನನ್ನ ಪಾಲಿನದ್ದನ್ನು ಯಾವಾಗಲೋ ಕಚ್ಚಿ ಮುಗಿಸಿದ್ದೆ.

ಸಿಡ್ನಿಯ ಗಿರಾವೀನ್‌ನ ನಮ್ಮ ಬೀದಿಯಲ್ಲಿ ಮೆಲ್ಬರ್ನಿಗೆ ಟ್ರೈನಿನಲ್ಲಿ ಹೋದವರಿಲ್ಲ. ‘ಯಾಕ್ ಸಾರ್, ಫ್ಲೈಟ್ ಸಿಗ್ಲಿಲ್ವಾ?’ ಎಂದು ಪಕ್ಕದ ಮನೆಯ ದಾವಣಗೆರೆಯವರು ಕನಿಕರದಿಂದ ಕೇಳಿದರು. ಸಿಗದೇ ಏನು? ಟ್ರೈನು ನನ್ನ ಪ್ಲಾನು. ಬೆಳಗ್ಗೆ ಹತ್ತಿದರೆ ಇಳಿಯುವುದು ಸಂಜೆ. ಹನ್ನೊಂದು ಗಂಟೆ ಮಗಳು ನನ್ನ ಪಕ್ಕದಲ್ಲಿ. ರೂಮಿಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುವಂತಿಲ್ಲ. ಅಷ್ಟು ಹೊತ್ತಿನಲ್ಲಿ ಅವಳ ಬಾಯಿಂದ ನಾಲ್ಕು ವಾಕ್ಯ ಕನ್ನಡ ಹೊರಡಿಸಲಾರೆನೇ?

ಯಾಕೆ ಈ ಹಟ ಅಂತೀರಾ? ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ, ‘ಹೊರದೇಶದ ಕನ್ನಡಿಗರೇ, ಮಕ್ಕಳ ಜೊತೆ ಕನ್ನಡದಲ್ಲೇ ಮಾತಾಡಿ’ ಎಂದು ಕಣ್ಣು ಒದ್ದೆಯಾಗುವಂತೆ ಬರೆದಿದ್ದೆ. ನೀವೂ ಒದ್ದೆಯಾಗಿ ಮೇಲ್ ಮಾಡಿದಿರಿ. ಮೈಸೂರಿನ ಓದುಗರೊಬ್ಬರು ಮಾತ್ರ ಒಂದೇ ಸಾಲು ಕೇಳಿದ್ದರು: ‘ನಿಮ್ಮ ಮಗಳು ಮಾತಾಡುತ್ತಾಳಾ ಸಾರ್?’

ಉತ್ತರ ಬರೆಯಲಿಲ್ಲ. ಏನಂತ ಬರೆಯಲಿ? ಅವಳಿಗೆ ಎಲ್ಲಾ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕವಳಿದ್ದಾಗ ಹಾಗಿರಲಿಲ್ಲ. ‘ಅಜ್ಜಿ ಬಂದ, ತಾತ ಬಂದಳು’ ಎನ್ನುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮನೆಗೆ ಯಾರೇ ಬರಲಿ, ‘ಸಿಂಚು, ಅಂಕಲ್‌ಗೆ ಹೇಳು, ಅಜ್ಜಿ ಏನು ಮಾಡಿದ?’ ಅಂತ ಮತ್ತೆ ಮತ್ತೆ ಹೇಳಿಸುತ್ತಿದ್ದೆವು. ಆಮೇಲೊಂದು ದಿನ ಅವಳು ಹೇಳುವುದನ್ನೇ ನಿಲ್ಲಿಸಿದಳು. ಸ್ಕೂಲಿನ ಪ್ರಭಾವ ಅಂದುಕೊಂಡೆ.

ಇರಲಿ, ಟ್ರೈನಿಗೆ ಬರೋಣ.

ಸಿಂಚನಾ ಕಿಟಕಿಗೆ, ನಾನು ಪಕ್ಕಕ್ಕೆ. ನನ್ನ ಕಾಲ ಬುಡದಲ್ಲಿ ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಎಲ್ಲಾ ತುಂಬಿದ ಬ್ಯಾಗು. ತಲೆಯ ಮೇಲಿನ ರ‍್ಯಾಕಿನಲ್ಲಿ ಇನ್ನೊಂದು ಗಂಟು. ಅದರಲ್ಲಿ ಕುಕ್ಕರ್. ‘ಅವರು ಒಪ್ಪಿದ್ರೆ ಅಲ್ಲೇ ಇಟ್ಟು ಬನ್ನಿ’ ಎಂದು ನನ್ನ ಹೆಂಡತಿ ಬೆಡ್‌ಶೀಟಿನಲ್ಲಿ ಸುತ್ತಿ ಕಟ್ಟಿದ್ದಳು. ಹಿಡಿಯೊಂದು ಹೊರಗೆ ಇಣುಕುತ್ತಿತ್ತು.

ಗೋಲ್ಬರ್ನ್ ಸ್ಟೇಷನ್ನಿನಲ್ಲಿ ಒಬ್ಬಾತ ಹತ್ತಿದ. ಕುತ್ತಿಗೆಯ ಮೇಲೆ ಹಕ್ಕಿಯ ಟ್ಯಾಟೂ. ಎಣ್ಣೆ ಕಾಣದ ಗಡ್ಡ. ಕಾಲಲ್ಲಿ ಹವಾಯಿ ಚಪ್ಪಲಿ. ಲಗೇಜು ಅಂದರೆ ಒಂದು ಪ್ಲಾಸ್ಟಿಕ್ ಕವರು. ನಮ್ಮ ಸಾಲಿನಲ್ಲೇ, ನಡುವಿನ ದಾರಿಯ ಆಚೆ ಬದಿ ಕೂತ. ಕೂತವನು ನಮ್ಮ ರ‍್ಯಾಕನ್ನು ನೋಡಿದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ.

ಒಮ್ಮೆ ನೋಡಿದರೆ ಕುತೂಹಲ. ಮತ್ತೊಮ್ಮೆ ನೋಡಿದರೆ? ನನ್ನ ತಲೆಯಲ್ಲಿ ಪೊಲೀಸ್ ಕಂಪ್ಲೇಂಟು ಬರೆದು, ಸಹಿ ಕೂಡ ಹಾಕಿ ಆಗಿತ್ತು. ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. ನಾಟಕ! ಎಂದಿತು ನನ್ನ ಮನಸ್ಸು.

ಅಷ್ಟರಲ್ಲಿ ನನಗೆ ಟಾಯ್ಲೆಟ್ಟಿಗೆ ಹೋಗಲೇಬೇಕಾಯಿತು. ಎದ್ದು ನಿಂತು, ಮುಖದ ಮೇಲೆ ನಗು ತಂದುಕೊಂಡು, ಕಿಟಕಿಯಾಚೆಯ ಕುರಿಗಳನ್ನು ಹೊಗಳುವವನಂತೆ ಮಗಳಿಗೆ ಹೇಳಿದೆ:

‘ಸಿಂಚು, ನಾನ್ ಬರೋವರ್ಗೂ ಬ್ಯಾಗ್ ಕಾಲಿನ ಮಧ್ಯ ಇಟ್ಕೋ. ಆ ಕಡೆ ಕೂತಿದಾನಲ್ಲ, ಒಂದ್ ಕಣ್ಣಿಟ್ಟಿರು. ಕಳ್ಳನ ಥರ ಕಾಣ್ತಾನೆ.’

ಅವಳ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಇಯರ್‌ಫೋನ್ ಹಾಕಿಕೊಂಡವರ ದನಿ ಎಷ್ಟು ಜೋರು ಅಂತ ನಿಮಗೆ ಗೊತ್ತಲ್ಲ?

‘ವಾಟ್? ಹೂ ಲುಕ್ಸ್ ಲೈಕ್ ಎ ಥೀಫ್?’

ಮುಂದಿನ ಸೀಟುಗಳ ಮೇಲೆ ತಲೆಗಳೆದ್ದವು. ನಾನು ನಗುತ್ತಲೇ ‘ಶ್ಶ್’ ಅಂದೆ. ಅವಳು ಆಚೆ ತಿರುಗಿ ನೋಡಿದಳು.

‘ಹಿಮ್? ನೋ, ಅಪ್ಪ! ಹೀ ಈಸ್ ಜಸ್ಟ್ ಸ್ಲೀಪಿಂಗ್!’

ಅವನು ಕಣ್ಣು ಬಿಟ್ಟ.

ನೋಡಿ, ಇಂಥ ಹೊತ್ತಿನಲ್ಲಿ ಮರ್ಯಾದಸ್ಥನಾದವನು ಏನು ಮಾಡಬೇಕು? ‘ಸಾರಿ’ ಅನ್ನಬೇಕು. ಎರಡಕ್ಷರ. ನಾನು ಅಂದಿದ್ದೇನು ಗೊತ್ತೇ? ‘ನೋ ನೋ... ವೀ ಆರ್ ಟಾಕಿಂಗ್ ಅಬೌಟ್ ಎ ಮೂವಿ.’

‘ವಾಟ್ ಮೂವಿ?’ ಎಂದಳು ಮಗಳು, ಪ್ರಾಮಾಣಿಕವಾಗಿ.

ಅವನು ನನ್ನನ್ನೇ ನೋಡುತ್ತಾ ಕೇಳಿದ: ‘ಎನಿ ಗುಡ್, ಮೇಟ್?’

‘ಓಕೆ,’ ಅಂದೆ. ‘ನಾಟ್ ಬ್ಯಾಡ್.’

ಟಾಯ್ಲೆಟ್ಟಿಗೆ ಓಡಿದೆ. ಕನ್ನಡಿಯಲ್ಲಿ ನೋಡಿದರೆ ಮುಖದ ಮೇಲೆ ಆ ನಗು ಇನ್ನೂ ಹಾಗೇ ಅಂಟಿಕೊಂಡಿತ್ತು. ಬ್ಯಾಗನ್ನು ಜೊತೆಗೆ ತರದೆ ಬಿಟ್ಟು ಬಂದಿದ್ದೆನಲ್ಲ, ಅದರಿಂದಲಾದರೂ ನನ್ನ ದೊಡ್ಡತನ ಅವನಿಗೆ ತಿಳಿಯಬಹುದು ಅಂದುಕೊಂಡು ವಾಪಸ್ ಬಂದೆ. ಬಂದವನ ಕಣ್ಣು ಮೊದಲು ಹೋಗಿದ್ದು ಎಲ್ಲಿಗೆ? ಬ್ಯಾಗಿಗೆ. ನಾನು ಬ್ಯಾಗು ನೋಡಿದ್ದನ್ನು ಅವನು ನೋಡಿದ.

ಫ್ಲೈಟ್ ಆಗಿದ್ದರೆ ಅಷ್ಟರಲ್ಲಿ ಇಳಿದು, ಗುಂಪಿನಲ್ಲಿ ಕರಗಿ, ಟ್ಯಾಕ್ಸಿ ಹಿಡಿದು ಪಾರಾಗಬಹುದಿತ್ತು. ಟ್ರೈನಿನಲ್ಲಿ ನಾಚಿಕೆಗೂ ಸ್ಟಾಪುಗಳಿವೆ. ಯಾಸ್ ಬಂತು. ಕೂಟಮುಂಡ್ರಾ ಬಂತು. ಜೂನೀ ಬಂತು. ಪ್ರತಿ ಸ್ಟೇಷನ್ನಿನಲ್ಲೂ ‘ಇವನು ಇಲ್ಲಿ ಇಳಿಯಲಪ್ಪಾ’ ಎಂದು ಬೇಡಿಕೊಂಡೆ. ಅವನು ಇಳಿಯಲಿಲ್ಲ. ಮಗಳು ಮಾತು ಬಿಟ್ಟು ಕಿಟಕಿಗೆ ಹಣೆ ಒತ್ತಿಕೊಂಡಿದ್ದಳು. ಮಗಳ ಬಾಯಿಂದ ಕನ್ನಡ ಹೊರಡಿಸಲು ಹೊರಟ ನಾನು, ಇದ್ದ ಇಂಗ್ಲಿಷನ್ನೂ ಕಳೆದಿದ್ದೆ.

ಊಟದ ಹೊತ್ತಿಗೆ ಧೈರ್ಯ ಮಾಡಿದೆ. ನಮ್ಮ ಕಡೆಯವರಿಗೆ ‘ಸಾರಿ’ ಎನ್ನಲು ಬರುವುದಿಲ್ಲ, ತಿನ್ನಲು ಕೊಡಲು ಬರುತ್ತದೆ. ಮನೆಯಿಂದ ತಂದಿದ್ದ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದೆ. ‘ಪ್ಲೀಸ್. ಹೋಮ್‌ಮೇಡ್.’

ಅವನು ಡಬ್ಬಿ ನೋಡಿದ. ನನ್ನನ್ನು ನೋಡಿದ. ಮೆತ್ತಗೆ ಹೇಳಿದ: ‘ನೋ ಥ್ಯಾಂಕ್ಸ್, ಮೇಟ್. ಬೆಟರ್ ನಾಟ್ ಟೇಕ್ ಎನಿಥಿಂಗ್ ಆಫ್ ಯುವರ್ಸ್.’

ನಿಮ್ಮದೇನನ್ನೂ ತಗೊಳ್ಳದೇ ಇರುವುದೇ ವಾಸಿ ಅಂತ! ಹಿಂದಿನ ಸೀಟಿನ ಅಜ್ಜಿಯೊಬ್ಬರಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ತಿಳಿಯಲು ಯಾವ ಭಾಷೆಯೂ ಬರಬೇಕಿರಲಿಲ್ಲ.

ಚಾಚಿದ ಕೈ ಹಾಗೇ ಇತ್ತು. ಸಿಂಚನಾ ಆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ನನ್ನನ್ನು ದಾಟಿ ಹೋಗಿ ಅವನ ಪಕ್ಕದ ಖಾಲಿ ಸೀಟಿನಲ್ಲಿ ಕೂತಳು.

‘ಸಾರಿ ಅಬೌಟ್ ಮೈ ಡ್ಯಾಡ್,’ ಎಂದಳು. ‘ಹೀ ವರೀಸ್. ಅಬೌಟ್ ಎವ್ರಿಥಿಂಗ್.’

ನಾನು ಹೇಳಬೇಕಿದ್ದ ಎರಡಕ್ಷರವನ್ನು ನನ್ನ ಮಗಳು, ನನ್ನ ಪರವಾಗಿ, ನನ್ನ ಕಣ್ಣೆದುರೇ ಹೇಳಿದಳು. ನಾನು ಸುರಕ್ಷತಾ ಸೂಚನೆಯ ಕಾರ್ಡು ಓದುತ್ತಾ ಕೂತೆ. ಬಹಳ ಆಳವಾಗಿ ಓದಿದೆ.

ಅವರ ಮಾತು ಕಿವಿಗೆ ಬೀಳುತ್ತಿತ್ತು. ಹತ್ತಿದಾಗಿನಿಂದ ಕೇಳಬೇಕು ಅಂದುಕೊಂಡಿದ್ದನಂತೆ, ಆ ಬೆಡ್‌ಶೀಟಿನಿಂದ ಇಣುಕುತ್ತಿರುವುದು ಏನು, ಬಾಣಲೆಯೇ? ಇವಳು ಪ್ರೆಷರ್ ಕುಕ್ಕರ್ ಎಂದಳು. ಅದು ವಿಷಲ್ ಹಾಕುತ್ತದೆ ಎಂದಳು. ಹೇಗೆ ಎಂದ. ಇವಳು ಹಾಕಿ ತೋರಿಸಿದಳು. ಇಬ್ಬರೂ ನಕ್ಕರು. ನಾಳೆ ರೂಮು ಸಿಗುತ್ತದೋ ಇಲ್ಲವೋ ಎಂಬ ತನ್ನ ಭಯವನ್ನೆಲ್ಲಾ ಅವನಿಗೆ ಹೇಳಿದಳು. (ನನಗೆ ಹೇಳಿರಲಿಲ್ಲ.) ಅವಳು ಕೊಟ್ಟ ಚಕ್ಕುಲಿಯನ್ನು ಅವನು ತಿಂದ. ಎರಡನೆಯದನ್ನೂ ತಿಂದ.

ವಾಂಗರಟ್ಟಾದಲ್ಲಿ ಇಳಿದ. ಇಳಿಯುವ ಮೊದಲು ಅವಳಿಗೆ ‘ಗುಡ್ ಲಕ್ ಟುಮಾರೊ, ಲವ್’ ಎಂದ. (ಇಲ್ಲಿ ‘ಲವ್’ ಅಂದರೆ ‘ಪುಟ್ಟಿ’ ಅಂದ ಹಾಗೆ, ಅಷ್ಟೇ.) ನನ್ನ ಭುಜದ ಹತ್ತಿರ ಒಂದು ಕ್ಷಣ ನಿಂತ.

‘ಎಂಜಾಯ್ ದ ಮೂವಿ, ಮೇಟ್.’

ಅವನು ಹೋದ ಮೇಲೆ ಬೋಗಿ ಸ್ವಲ್ಪ ದೊಡ್ಡದಾದಂತೆ ಕಂಡಿತು. ಮಗಳು ವಾಪಸ್ ಬಂದು ಕಿಟಕಿ ಪಕ್ಕ ಕೂತಳು. ಕೇಳದೆ ಇರಲಾಗಲಿಲ್ಲ. ‘ಸಿಂಚು, ಬೇಕೂ ಅಂತ ಜೋರಾಗಿ ಹೇಳಿದ್ಯಾ?’

‘ನೋ!’ ಎಂದಳು. ‘ಬಟ್ ಅಪ್ಪ, ಔಟ್‌ಸೈಡ್, ವೆನೆವರ್ ಯೂ ಸ್ವಿಚ್ ಟು ಕನ್ನಡ, ಐ ನೋ ಸಂಬಡೀಸ್ ಗೆಟಿಂಗ್ ಇನ್‌ಸಲ್ಟೆಡ್.’

ಮನೆಯಿಂದ ಹೊರಗೆ ಬಂದಾಗ ನಾನು ಕನ್ನಡಕ್ಕೆ ಬದಲಾದೆ ಅಂದರೆ, ಯಾರೋ ಒಬ್ಬರು ಬೈಸಿಕೊಳ್ಳುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗುತ್ತದಂತೆ.

‘ಹಾಗೇನಿಲ್ಲ’ ಎನ್ನಲು ಬಾಯಿ ತೆರೆದೆ. ಒಂದೇ ಒಂದು ಉದಾಹರಣೆ ಸಿಕ್ಕಿದ್ದರೂ ಸಾಕಿತ್ತು. ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ‘ಏನ್ ಆಮೆ ಥರ ಬಿಲ್ ಮಾಡ್ತಾಳಪ್ಪಾ’ ಅಂದಿದ್ದು ಕನ್ನಡದಲ್ಲಿ. ಈಜುಕೊಳದಲ್ಲಿ ಯಾರದೋ ಹೊಟ್ಟೆಯ ಬಗ್ಗೆ ಅಂದಿದ್ದು ಕನ್ನಡದಲ್ಲಿ. ಚಾಟ್ಸ್‌ವುಡ್‌ನ ಆಫೀಸಿನ ಲಿಫ್ಟಿನಲ್ಲಿ, ಮ್ಯಾನೇಜರಿನ ಬೆನ್ನ ಹಿಂದೆ, ಹಾಸನದ ಸಹೋದ್ಯೋಗಿಯ ಜೊತೆ ನಾನು ದಿನಾ ಆಡುವ ಕನ್ನಡವನ್ನು ಇಲ್ಲಿ ಬರೆಯುವಂತಿಲ್ಲ. ಹಾಗಾದರೆ ಒಳ್ಳೆಯ ಮಾತು? ‘ಲವ್ಲಿ ಗಾರ್ಡನ್.’ ‘ಬ್ಯೂಟಿಫುಲ್ ಬೇಬಿ.’ ‘ಥ್ಯಾಂಕ್ಯೂ ಸೋ ಮಚ್.’ ಹೊಗಳಿಕೆ ಎಲ್ಲಾ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಉಳಿದಿದ್ದು ಹೊರಗೆ ಹೇಳಲಾಗದ ಕಸ.

ಭಾನುವಾರದ ಕನ್ನಡ ಶಾಲೆಯಲ್ಲಿ ನಾವು ಮಕ್ಕಳಿಗೆ ‘ಸವಿನುಡಿ’, ‘ಕಸ್ತೂರಿ’ ಎಂದೆಲ್ಲಾ ಕಲಿಸುತ್ತೇವೆ. (ನಾನೂ ತಿಂಗಳಿಗೊಮ್ಮೆ ಪಾಠ ಮಾಡುತ್ತೇನೆ.) ಕ್ಲಾಸು ಬಿಟ್ಟು ಕಾರಿನ ಹತ್ತಿರ ಬರುವುದರೊಳಗೆ ಅದೇ ಕಸ್ತೂರಿಯಲ್ಲಿ ಇನ್ನೊಬ್ಬರ ಪಾರ್ಕಿಂಗನ್ನು ಬೈಯುತ್ತಿರುತ್ತೇವೆ. ಮಕ್ಕಳು ಯಾವುದನ್ನು ಕಲಿತಾವು? ಭಾಷೆ ಕಲಿಯಲಿಲ್ಲ ಅಂತ ನಾನು ಅಂಕಣ ಬರೆದು ಅತ್ತೆ. ಅವಳು ಕಲಿತಿದ್ದಳು. ನನ್ನಿಂದಲೇ, ಚೆನ್ನಾಗಿಯೇ ಕಲಿತಿದ್ದಳು. ಆಡಲು ಮನಸ್ಸಿರಲಿಲ್ಲ, ಅಷ್ಟೇ.

ಸಿಂಚನಾ ಇನ್ನೂ ಒಂದು ಮಾತು ಕೇಳಿದಳು. ‘ಟುಮಾರೊ... ಯೂ ವೋಂಟ್ ಡೂ ದಟ್, ರೈಟ್?’

‘ಛೆ, ಇಲ್ಲ ಕಣೇ,’ ಅಂದೆ.

ಭಾನುವಾರ ಬೆಳಗ್ಗೆ ಕ್ಲೇಟನ್. ಬಸ್ಸಿಳಿದು ಸ್ವಲ್ಪ ನಡೆದರೆ ಆ ಮನೆ. ನಾನು ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಮಗಳು ಬಾಚಿದ ಕೂದಲನ್ನೇ ಮತ್ತೆ ಮತ್ತೆ ಸರಿ ಮಾಡಿಕೊಳ್ಳುತ್ತಾ. ಕುಕ್ಕರ್ ನನ್ನ ಕೈಯಲ್ಲಿ.

ಗೇಟಿನ ಬಳಿ ನಿಂತು ನೋಡಿದೆ. ಮೊಣಕಾಲೆತ್ತರ ಹುಲ್ಲು. ಜಗುಲಿಯ ಮೇಲೆ ಸ್ಪಂಜು ಹೊರಬಂದ ಸೋಫಾ. ಸೋಫಾದ ಮೇಲೆ ಚಕ್ರವಿಲ್ಲದ ಸೈಕಲ್ಲು. ಬಾಗಿಲು ಆಗಲೇ ತೆರೆದಿತ್ತು. ಉದ್ದ ಕೂದಲಿನ ಹುಡುಗನೊಬ್ಬ, ಪೈಜಾಮದಲ್ಲಿ, ಕೈಯಲ್ಲಿ ಟೀ ಮಗ್ಗು ಹಿಡಿದು ನಿಂತಿದ್ದ. ಅವನ ಹಿಂದೆ ಇಬ್ಬರು ಹುಡುಗಿಯರು. ‘ಹಾಯ್!’ ಎಂದು ಮೂವರೂ ಕೈ ಬೀಸಿದರು.

ನಾನು ಏನೂ ಹೇಳಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದಕ್ಷರ ಹೇಳಲಿಲ್ಲ.

ಬರೀ ನಕ್ಕೆ.

ಸಿಂಚನಾ ಆ ನಗುವನ್ನು ನೋಡಿದಳು. ಅದರ ಹಿಂದೆ ಏನು ಬರುತ್ತದೆಂದು ಹದಿನೆಂಟು ವರ್ಷದಿಂದ ಬಲ್ಲವಳು. ನಡೆಯುತ್ತಿದ್ದವಳು ನಿಂತಳು. ಆ ಮೂವರಿಗೆ ಒಂದು ಸುಂದರವಾದ ನಗು ಕೊಟ್ಟು, ನಗುತ್ತಲೇ, ನನಗೆ ಮಾತ್ರ ತಿಳಿಯುವಂತೆ ಹೇಳಿದಳು:

‘ಅಪ್ಪ, ಇವರ ಮುಂದೆ ನೀನು ಕನ್ನಡ ಮಾತಾಡಬೇಡ. ನಾನು ಇವರ ಜೊತೆ ಇರಬೇಕು.’

ಲಿಂಗ, ವಚನ, ವಿಭಕ್ತಿ... ಎಷ್ಟು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.