ಹಸುವಿನ ಮುಂದೆ ಸುರಿದ ಕಡಲೆಬೀಜ

ಗುಬ್ಬಿ ಸಂತೆಯಿಂದ ತಂದ ಕಡಲೆಬೀಜದ ಡಬ್ಬಿಯನ್ನು ಮಳೆಗಾಲವಿಡೀ ತೆಗೆದಿರಲಿಲ್ಲ. ಮೊನ್ನೆ ಮುಚ್ಚಳ ಬಿಚ್ಚಿದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಬೀಜದ ಮೇಲೆಲ್ಲ ಹಸಿರು ಪುಡಿಯಂಥ ಬೂಷ್ಟು. ಆ ವಾಸನೆಯ ಹಿಂದೆಯೇ ಹಾಲಿನ ದೊಡ್ಡಮ್ಮ ಬಂದಳು. ನೆನಪು ಹೀಗೆ ಕರೆದ ಕೂಡಲೇ ಬಂದರೆ ನನಗೆ ಅನುಮಾನ. ಆದರೂ ಬಂದಳು.

ಮರಳೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಅವಳ ಶೀಟಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಅದರಲ್ಲಿ ಒಂದೇ ಹಸು. ದೊಡ್ಡಮ್ಮ ಹುತ್ರಿದುರ್ಗದ ಕಡೆಯವಳು. ಗಂಡ ಇದ್ದನೋ, ಬಿಟ್ಟು ಹೋಗಿದ್ದನೋ, ನಾವು ಕೇಳಿರಲಿಲ್ಲ. ಬೀದಿಗೆಲ್ಲ ಅವಳದೇ ಹಾಲು. ಹಸು ಮಲಗಿದರೆ ಅವಳ ಒಲೆ ಉರಿಯುತ್ತಿರಲಿಲ್ಲ.

ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಹುಳ ಬಿದ್ದ ಅಕ್ಕಿ, ಮುಗ್ಗಿದ ರಾಗಿ... ಯಾವುದನ್ನೂ ತಿಪ್ಪೆಗೆ ಹಾಕುತ್ತಿರಲಿಲ್ಲ. ಧಾನ್ಯ ಎಸೆದರೆ ಪಾಪ. ಶುಕ್ರವಾರ ಹಸುವಿನ ಹಣೆಗೆ ಅರಿಶಿನ ಕುಂಕುಮ ಇಟ್ಟು ಅದರ ಮುಂದೆ ಸುರಿದರೆ ಪುಣ್ಯ. ಡಬ್ಬಿಯೂ ಖಾಲಿಯಾಗುತ್ತಿತ್ತು. ಇದರಿಂದ ಮೇವು ಉಳಿಯಿತು ಎಂದು ದೊಡ್ಡಮ್ಮನೂ ಅಂದುಕೊಂಡಿದ್ದಳು.

ಆ ವರ್ಷ ಮೂಲೆ ಮನೆಯ ಯಜಮಾನರಿಗೆ ಕುಣಿಗಲ್ಲಿನ ಹೊಲದಿಂದ ಬಂದ ಕಡಲೆಬೀಜದ ಮೂಟೆ ನೆಂದು ಬೂಷ್ಟು ಹಿಡಿಯಿತು. ಅವರು ಅದನ್ನು ಬಕೆಟ್ಟಿನಲ್ಲಿ ತಂದು ತಂದು ಹಸುವಿಗೆ ತಿನ್ನಿಸಿದರು. ಹಸು ಮೇವು ಬಿಟ್ಟಿತು. ಗಬ್ಬವಾಗಿದ್ದದ್ದು ದಿನ ತುಂಬುವ ಮೊದಲೇ ಕಂದು ಹಾಕಿತು, ಕರು ಉಳಿಯಲಿಲ್ಲ. ಹಾಲು ಬತ್ತಿತು.

ಬೂಷ್ಟಿನಲ್ಲಿ ವಿಷ ಇರುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ, ಹಾಲಿಗೂ ಇಳಿಯುತ್ತದೆ ಎಂದರು ದನದ ಡಾಕ್ಟರು. ಇದರಿಂದಲೇ ಹೀಗಾಯಿತೆಂದು ಹೇಳಲಾರೆ ಎಂದೂ ಅಂದರು. ಎರಡನೆಯ ಮಾತನ್ನು ಬೀದಿ ಹಿಡಿದುಕೊಂಡಿತು, ಮೊದಲನೆಯದನ್ನು ದೊಡ್ಡಮ್ಮ.

ಮುಂದಿನ ಶುಕ್ರವಾರ ಅವಳು ಹಸು ತಿನ್ನುವ ಬಾನಿಯಲ್ಲಿ ಉಳಿದಿದ್ದ ಬೀಜ ತೊಳೆದು, ಹುರಿದು, ತಟ್ಟೆಗೆ ಹಾಕಿ, ಪಕ್ಕದಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಮೂಲೆ ಮನೆಯ ಗೇಟಿಗೆ ಹೋದಳು.

“ತಿನ್ನಿ ಯಜಮಾನ್ರೇ. ನಂಗೂ ಒಸಿ ಪುಣ್ಯ ಬರ್ಲಿ.”

“ತಲೆ ಕೆಟ್ಟದೇನಮ್ಮಾ? ಅದು ದನಕ್ಕೆ ಕೊಟ್ಟಿದ್ದು.”

“ದನುಕ್ ಕೊಟ್ಟಿದ್ದು ಎಲ್ಲೋಯ್ತದೆ ಅಂದ್ಕಂಡ್ರಿ? ನಿಮ್ಮ ಕಾಪಿ ಲೋಟಕ್ಕೇ ಬರಾದು.”

ಅವರು ಬಾಗಿಲು ಹಾಕಿಕೊಂಡರು. ನಮ್ಮಮ್ಮ ಹೇಳುವಾಗ ಮಾತ್ರ ಯಜಮಾನರು ಒಂದು ಬೀಜ ಬಾಯಿಗೆ ಹಾಕಿಕೊಂಡು ಉಗಿಯುತ್ತಾರೆ. ಅಮ್ಮನ ಕತೆ ಚೆನ್ನಾಗಿದೆ, ಅದಕ್ಕೇ ನಾನು ನಂಬುವುದಿಲ್ಲ. ನನಗೆ ಕಾಣುವುದು ಮುಚ್ಚಿದ ಬಾಗಿಲು, ತಟ್ಟೆ ಹಿಡಿದು ಗೇಟಿನ ಮುಂದೆಯೇ ಕೂತವಳು.

ಸಂಜೆ ಹಿರಿಯರು ಬಂದು, ತಪ್ಪಾಯಿತು ಅಂದುಬಿಡು ಎಂದು ಬುದ್ಧಿ ಹೇಳಿದರು. ಅವಳು ಅನ್ನಲಿಲ್ಲ. ಹಸು ಮತ್ತೆ ಕರು ಹಾಕಿ ಹಾಲು ಕೊಡುವ ಹೊತ್ತಿಗೆ ಅರ್ಧ ಬೀದಿ ಬೇರೆ ಕಡೆ ಹಾಲು ಹಾಕಿಸಿಕೊಳ್ಳುತ್ತಿತ್ತು. ಆಗಲೂ ಬಗ್ಗಲಿಲ್ಲ. ಹಸುವಿಗೆ ಏನಾದರೂ ತಂದವರು ಮೊದಲು ಅವಳೆದುರು ಅದರಲ್ಲೇ ಒಂದು ಹಿಡಿ ತಿನ್ನಬೇಕು ಎಂದಳು. ನಮ್ಮಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಸಿ ಅಕ್ಕಿ ಅಗಿದದ್ದು ನೆನಪಿದೆ. ಇಬ್ಬರೂ ನಗುತ್ತಿದ್ದರು... ಅಥವಾ ಅಮ್ಮ ಒಬ್ಬಳೇ.

ಬಿಟ್ಟುಹೋದ ಮನೆಗಳು ಮರಳಿ ಬರಲಿಲ್ಲ. ಉಳಿದ ಮನೆಗಳ ಹಾಲಿನಲ್ಲೇ ಅವಳು ಕೊನೆಯವರೆಗೆ ಬದುಕಿದಳು. ಸೋತಳೆಂದು ಬೀದಿ ಹೇಳುತ್ತದೆ. ನಾನು ಒಪ್ಪುವುದಿಲ್ಲ.

ಈಗ ಅವಳಿಲ್ಲ. ಕೊಟ್ಟಿಗೆಯಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಯಾರ ಹಸು, ಅದರ ಮುಂದೆ ಯಾರು ಏನು ಸುರಿದರು, ಕಾಯುವವರು ಇದ್ದಾರೋ ಇಲ್ಲವೋ, ಪ್ಯಾಕೆಟ್ಟಿನ ಮೇಲೆ ಬರೆದಿರುವುದಿಲ್ಲ. ಈ ಬೆಳಿಗ್ಗೆ ಅಂಗಡಿಯವನನ್ನು ಕೇಳಿದೆ, ಈ ಹಾಲು ಕೊಟ್ಟ ಹಸು ಏನು ತಿಂದಿತ್ತು ಅಂತ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

“ಬೇಕಾದ್ರೆ ತಗೊಳ್ಳಿ ಮೇಡಂ, ಇಲ್ಲಾಂದ್ರೆ ಬುಡಿ,” ಅಂದ.

ತೆಗೆದುಕೊಂಡು ಬಂದೆ. ನಾಳೆಯೂ ಕೇಳುತ್ತೇನೆ.