ಚೊಚ್ಚಲ ಹೆರಿಗೆಗೊಂದು ಚರಂಡಿ ಅರ್ಜಿ

ಆ ವರ್ಷ ನಾನು ಪಿಯುಸಿಯ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ತಿಪಟೂರಿನ ನಮ್ಮ ಮನೆಯಲ್ಲಿ ಕೂತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದನ್ನು ತೀರಿಸಿಕೊಳ್ಳಲು ಮನೆಯೆದುರಿಗೆ ಎತ್ತುಗಳಿದ್ದವು.

ನಮ್ಮ ಬೀದಿ ಕೊಬ್ಬರಿ ಮಾರುಕಟ್ಟೆಯ ಬೆನ್ನಿಗೇ ಇತ್ತು. ಹರಾಜಿನ ದಿನ ಬಂದರೆ ಸುತ್ತಲ ಹಳ್ಳಿಗಳ ಗಾಡಿಗಳೆಲ್ಲ ಅಲ್ಲಿ ಮೂಟೆ ಇಳಿಸಿ ನಮ್ಮ ಬೀದಿಗೆ ಬಂದು ಎತ್ತು ಬಿಚ್ಚುತ್ತಿದ್ದವು. ನೊಗ ನಮ್ಮ ಜಗಲಿಯ ಮೇಲೆ, ಎತ್ತಿನ ಹಗ್ಗ ನಮ್ಮ ಕಿಟಕಿಯ ಸರಳಿಗೆ. ಒಂದು ಸಲ ಒಂದು ಎತ್ತು ಕಿಟಕಿಯೊಳಗೆ ನಾಲಿಗೆ ಚಾಚಿ, ಅಮ್ಮ ಹೆಚ್ಚಿಟ್ಟಿದ್ದ ಸೌತೆಕಾಯಿಯನ್ನೆಲ್ಲ ಖಾಲಿ ಮಾಡಿತು. ನಾನು ಗಾಡಿಯವನ ಮೇಲೆ ಹರಿಹಾಯ್ದೆ. ಅವನು ಬೀಡಿ ಕೆಳಗಿಟ್ಟು, "ಮೂಕಪ್ರಾಣಿ ಕಣವ್ವ. ನೀನು ಓದಿರೋಳು, ಸಮಾಧಾನ ತಂದ್ಕೋ" ಎಂದ. ಓದಿನ ಮಾತು ಬಂದಿದ್ದರಿಂದ ನಾನು ತೆಪ್ಪಗೆ ಒಳಗೆ ಹೋದೆ.

ಮಳೆ ಬಂದರೆ ಇನ್ನೊಂದು ಗೋಳು. ಬೀದಿಯ ತುದಿಯ ಮೋರಿ ಕಟ್ಟಿಕೊಂಡು, ಚರಂಡಿಯ ನೀರು ತಗ್ಗಿನಲ್ಲಿದ್ದ ನಮ್ಮ ಮುಂದಿನ ಕೋಣೆಗೆ ನುಗ್ಗುತ್ತಿತ್ತು. ಮೋಡ ಕಂಡರೆ ಚಾಪೆ ಎತ್ತುವುದು, ಮಳೆ ನಿಂತರೆ ಚೆಂಬಿನಲ್ಲಿ ನೀರು ಮೊಗೆಯುವುದು ನಮಗೆ ಅಭ್ಯಾಸವಾಗಿಹೋಗಿತ್ತು. ಬೀಗತಿ ಬಂದು ನೋಡದೇ ಹೋಗಿದ್ದರೆ ನಾವು ಹಾಗೇ ಇದ್ದುಬಿಡುತ್ತಿದ್ದೆವು.

ಮಾಯಸಂದ್ರಕ್ಕೆ ಕೊಟ್ಟಿದ್ದ ನನ್ನಕ್ಕ ಆಗ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಕೇಳಿ ತೀರ್ಮಾನಿಸುವ ವಿಷಯವೇ ಅಲ್ಲ. ಅಕ್ಕನ ಅತ್ತೆ ಅದನ್ನು ಮಾತಾಡಲೆಂದೇ ಬಂದರು. ಬಂದದ್ದು ಹರಾಜಿನ ದಿನ, ಮೇಲೆ ಮಳೆ. ಎತ್ತುಗಳ ನಡುವೆ ಸೀರೆ ಎತ್ತಿ ಹಿಡಿದು ದಾರಿ ಮಾಡಿಕೊಂಡು ಒಳಗೆ ಬಂದರೆ, ಬಾಣಂತಿಗೆಂದು ಅಮ್ಮ ತೋರಿಸಬೇಕಿದ್ದ ಕೋಣೆಯಲ್ಲಿ ಅವರ ಪಾದ ಮುಳುಗುವಷ್ಟು ನೀರು. ನಡುಮನೆಯಲ್ಲಿ ಮಲಗಿಸೋಣವೆಂದರೆ ಅಲ್ಲಿ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಪೇರಿಸಿದ ಕಾಯಿ. ಇಲಿ ಓಡಾಡಿದರೂ ಒಂದೆರಡು ಉರುಳಿ ಬೀಳುತ್ತಿದ್ದವು. ಅದರ ಕೆಳಗೆ ಹಸುಗೂಸನ್ನು ಯಾರು ಮಲಗಿಸುತ್ತಾರೆ?

"ಬೇಜಾರು ಮಾಡ್ಕೋಬ್ಯಾಡ ಕಣವ್ವ, ಈ ಕೆರೆಯೊಳಕ್ಕೆ ಸೊಸೇನ ಕಳ್ಸಕ್ಕಾಗಲ್ಲ. ಹೆರಿಗೆ ನಮ್ಮಲ್ಲೇ ಆಗ್ಲಿ ಬುಡು" ಎಂದು ಬೀಗತಿ ಕಾಫಿ ಕುಡಿದು ಹೊರಟರು.

ಅಮ್ಮ ಅವತ್ತು ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ಮುಂದೆ ಹಾಳೆ ಇಟ್ಟು, "ನಿನ್ನ ಅಕ್ಷರ ಮುತ್ತಿನಂಗದೆ ಅಂತ ಮೇಷ್ಟ್ರು ಅಂತಿದ್ರಲ್ಲ, ಅದೊಂದಾದ್ರೂ ಉಪಯೋಗಕ್ಕೆ ಬರ್ಲಿ. ಬರಿಯೇ ಪುರಸಭೆಗೆ ಅರ್ಜಿ" ಎಂದಳು.

ಬರೆದೆ. ಎರಡು ಪುಟ ಬರೆದೆ. ಪರೀಕ್ಷೆಯ ಸಿಟ್ಟನ್ನೂ ಅದರಲ್ಲೇ ತೀರಿಸಿಕೊಂಡೆ. "ಯಾವುದೇ ಕಾರಣಕ್ಕೂ ಯಾರ ಗಾಡಿಯನ್ನೂ ಹರಾಜಿನ ದಿನ ಈ ಬೀದಿಯೊಳಗೆ ಬಿಡಕೂಡದು" ಎಂದು ಬರೆದು ಕೆಳಗೆ ಗೆರೆ ಎಳೆದೆ. ಅಪ್ಪ ಓದಿ ತಲೆ ಕೆರೆದುಕೊಂಡರು. ನಮ್ಮ ತೋಟದ ಗಾಡಿ ಹರಾಜಿನ ದಿನ ಪಕ್ಕದ ಬೀದಿಯವರ ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು. "ಅವ್ರೂ ಒಂದು ಅರ್ಜಿ ಬರುದ್ರೆ ಏನ್ಮಾಡಾನ?" ಎಂದರು. ಅಮ್ಮ ಅರಿಶಿನ ಕುಂಕುಮದ ತಟ್ಟೆಯಲ್ಲಿ ಅರ್ಜಿ ಇಟ್ಟುಕೊಂಡು, ಮದುವೆಗೆ ಕರೆಯುವವಳಂತೆ ಮನೆಮನೆಗೆ ಹೋದಳು. ಕುಂಕುಮ ಇಟ್ಟುಕೊಂಡ ಮೇಲೆ ಸಹಿ ಹಾಕುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಪುರಸಭೆಯಲ್ಲಿ ಒಂದು ದಿನ ಸಾಹೇಬರಿರಲಿಲ್ಲ, ಇನ್ನೊಂದು ದಿನ ಗುಮಾಸ್ತರಿರಲಿಲ್ಲ. ಮೂರನೆಯ ದಿನ ಅಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತ ಕೂತಳು. ಸಿಪ್ಪೆ ರಾಶಿ ಬಿದ್ದದ್ದು ನೋಡಿ ಮುಖ್ಯಾಧಿಕಾರಿಗಳೇ ಹೊರಗೆ ಬಂದು, ಬೇಸಿಗೆ ಮಳೆ ಶುರುವಾಗುವುದರೊಳಗೆ ಬಂದು ಸ್ಥಳ ನೋಡುವುದಾಗಿ ಒಪ್ಪಿಕೊಂಡರು.

ಬರುವ ದಿನವನ್ನು ಜವಾನ ಮುಂಚೆಯೇ ತಿಳಿಸಿದ. ನಾವು ಕೆಟ್ಟದ್ದು ಅಲ್ಲೇ. ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಬೆಳಗಾಗುವುದರೊಳಗೆ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಇಟ್ಟರು. ಮೂಲೆ ಮನೆಯವರು ಮಾವಿನ ತೋರಣವನ್ನೂ ಕಟ್ಟಿದರು. ಜೀಪಿನಿಂದ ಇಳಿದ ಸಾಹೇಬರು ಸುತ್ತ ನೋಡಿ, "ಇಷ್ಟು ಚೊಕ್ಕಟವಾದ ಬೀದಿ ಊರಲ್ಲೇ ಇನ್ನೊಂದಿಲ್ಲ. ನಿಮಗೆ ತೊಂದರೆ ಏನಮ್ಮ?" ಎಂದರು. ನನಗೆ ಕಂಬಕ್ಕೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಬಂದವರನ್ನು ಒಣ ಬಾಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ಮೊದಲ ಮನೆಯವರು ಎಳನೀರು ಕೆತ್ತಿ ಕೊಟ್ಟರು. ಅಲ್ಲಿ ಕುಡಿದ ಮೇಲೆ ಎರಡನೆಯ ಮನೆಯಲ್ಲಿ ಬೇಡ ಎನ್ನುವ ಹಾಗಿಲ್ಲ. ಸಾಹೇಬರು, ಗುಮಾಸ್ತರು, ಜೀಪಿನ ಡ್ರೈವರು, ಜವಾನ ಎಲ್ಲರೂ ಮನೆಮನೆಗೆ ನಿಂತು ಕುಡಿಯುತ್ತ ಬಂದರು. ಬುರುಡೆಗಳು ಎಂದಿನಂತೆ ಚರಂಡಿಗೆ ಹೋದವು. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ನಮ್ಮ ಮನೆಗೆ ಬರುವ ಹೊತ್ತಿಗೆ ಸಾಹೇಬರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಆಗ ಮಳೆ ಬಂತು. ಹೋದ ವಾರವೆಲ್ಲ ಗುಡುಗಿ ಮೋಸ ಮಾಡಿದ್ದ ಮೋಡ ಅವತ್ತು ಒಂದೇ ಸಮನೆ ಸುರಿಯಿತು. ಅಮ್ಮ ಸಾಹೇಬರನ್ನು ಮುಂದಿನ ಕೋಣೆಯಲ್ಲಿ, ಅಕ್ಕನಿಗೆಂದು ಹೊಸದಾಗಿ ಹೆಣೆಸಿದ್ದ ಹಗ್ಗದ ಮಂಚದ ಮೇಲೆ ಕೂರಿಸಿದಳು. ಐದು ನಿಮಿಷಕ್ಕೆ ಹೊಸ್ತಿಲ ಮೇಲೆ ನೀರು ಇಣುಕಿತು. ಹತ್ತು ನಿಮಿಷಕ್ಕೆ ಸಾಹೇಬರು ಬಿಚ್ಚಿಟ್ಟಿದ್ದ ಒಂದು ಬೂಟು ತೇಲಿತು. ಅವರು ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತರು.

ಅಮ್ಮ ನೀರಿನಲ್ಲೇ ನಿಂತು ಕೈಮುಗಿದಳು. "ಅರ್ಜೀಲಿ ಬರ್ಸಿದ್ದು ಇದೇ ಸ್ವಾಮಿ. ನೀವು ಕೂತಿರೋ ಮಂಚದ ಮ್ಯಾಲೆ ನನ್ನ ಮಗಳು ಬಾಣಂತಿಯಾಗಿ ಮಲಗ್ಬೇಕು. ನೀರು ಹಿಂಗೆ ಬಂದ್ರೆ ಅವಳು ತವರಿಗೆ ಬರಂಗೇ ಇಲ್ಲ."

ಇದನ್ನು ಹೇಳುವಾಗ ಅಮ್ಮನ ದನಿ ನಡುಗಿತು. ಅಷ್ಟು ದಿನ ಜೋರಾಗಿ ಓಡಾಡಿದ್ದವಳು ಒಳಗೊಳಗೆ ಎಷ್ಟು ಹೆದರಿದ್ದಳು ಎಂದು ನನಗೆ ಗೊತ್ತಾದದ್ದು ಆಗಲೇ. ಸಾಹೇಬರು ಪ್ಯಾಂಟು ಮಡಚಿ, ಮಳೆ ಸಣ್ಣದಾದ ಕೂಡಲೇ ಮೋರಿಯ ಹತ್ತಿರ ಹೋದರು. ಜವಾನ ಒಳಗೆ ಕೈಹಾಕಿ ಒಂದೊಂದಾಗಿ ಎಳೆದ. ಎಳನೀರು ಬುರುಡೆ, ಮತ್ತೆ ಬುರುಡೆ, ಮತ್ತೆ ಬುರುಡೆ. ಎಲ್ಲ ಅವತ್ತೇ ಕೆತ್ತಿದವು, ಬಿಳುಪು ಇನ್ನೂ ಮಾಸಿರಲಿಲ್ಲ. ಅದರ ಹಿಂದೆ ವರ್ಷಗಳ ಚಿಪ್ಪು, ನಾರು, ಮಟ್ಟೆ.

ಬೀದಿಯ ಹೆಂಗಸರೆಲ್ಲ ನೆಲ ನೋಡುತ್ತ ನಿಂತರು. ಅಪ್ಪ ಮಾತ್ರ, "ಮಾಡಿದ್ದುಣ್ಣೋ ಮಹರಾಯ" ಎಂದು ಗೊಣಗಿದರು. ಸಾಹೇಬರು ಒಂದು ಬುರುಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ನಾನು ಕುಡಿದಿದ್ದೇ ಇರಬೇಕು ಕಣಯ್ಯ" ಎಂದು ನಗತೊಡಗಿದರು. ಆಮೇಲೆ ಇಡೀ ಬೀದಿ ನಕ್ಕಿತು. ಅಷ್ಟು ಜೋರಾಗಿ ನಾನು ಫೇಲಾದ ಮೇಲೆ ನಕ್ಕದ್ದು ಅದೇ ಮೊದಲು.

ಮೋರಿ ಸರಿಮಾಡಿಸುತ್ತೇನೆಂದು ಅವತ್ತೇ ಹೇಳಿಹೋದ ಸಾಹೇಬರು ಮಾತಿಗೆ ತಪ್ಪಲಿಲ್ಲ. ಮೋರಿ ಅಗಲವಾಯಿತು, ಚರಂಡಿಯ ಮೇಲೆ ಚಪ್ಪಡಿ ಬಿತ್ತು. ಗಾಡಿಗಳಿಗೆ ಕೆರೆಯ ಕಡೆಯ ಬಯಲು ಗೊತ್ತುಮಾಡಿದರು. ಬೀದಿಯವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು: ಚರಂಡಿಗೆ ಯಾರ ಮನೆಯ ಬುರುಡೆ ಬಿದ್ದರೂ ಆ ಮನೆಯ ಯಜಮಾನನೇ ಇಳಿದು ತೆಗೆಯಬೇಕು. ಮೊದಲು ಇಳಿದವರು ಅಪ್ಪ.

ಮಾಯಸಂದ್ರಕ್ಕೆ ಕಾಗದ ಹೋಯಿತು. ಬೀಗತಿ, "ಕಣ್ಣಾರೆ ನೋಡ್ತೀನಿ, ಸರಿಯಿಲ್ದಿದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ" ಎಂದು ಹೇಳಿಕಳಿಸಿ, ಅಕ್ಕನ ಜೊತೆ ತಾವೇ ಹೊರಟರು. ಬಂದದ್ದು ಮತ್ತೆ ಹರಾಜಿನ ದಿನ. ಬಸ್‌ಸ್ಟ್ಯಾಂಡಿನಿಂದ ಅಪ್ಪನೂ ನಾನೂ ಅವರನ್ನು ನಮ್ಮದೇ ಗಾಡಿಯಲ್ಲಿ, ಹುಲ್ಲಿನ ಮೇಲೆ ಜಮಖಾನ ಹಾಸಿ ಕರೆತಂದೆವು. ಬೀದಿಯ ಬಾಯಿಗೆ ಬಿದಿರಿನ ಗಳ ಅಡ್ಡ ಇತ್ತು. ಅದರ ಪಕ್ಕ ಸ್ಟೂಲಿನ ಮೇಲೆ ಪುರಸಭೆಯ ಜವಾನ ಕೂತಿದ್ದ.

"ಗಾಡಿ ಬಿಡಂಗಿಲ್ಲ ಯಜಮಾನ್ರೇ" ಎಂದ.

"ತುಂಬು ಬಸುರಿ ಅವ್ಳೆ ಕಣಪ್ಪ" ಎಂದರು ಅಪ್ಪ.

"ಯಾವುದೇ ಕಾರಣಕ್ಕೂ ಯಾರ ಗಾಡೀನೂ ಬಿಡಬಾರ್ದು ಅಂತ ನಿಮ್ಮನೆಯೋರೇ ಬರ್ದವ್ರೆ. ಕೆಳಗೆ ಗೆರೆ ಬೇರೆ ಎಳ್ದವ್ರೆ."

ಅಪ್ಪ ತಿರುಗಿ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಅಕ್ಕ ನಗುತ್ತ, ಸೊಂಟ ಹಿಡಿದು ಗಾಡಿಯಿಂದ ಇಳಿದಳು. ಬೀದಿಯುದ್ದಕ್ಕೂ ಒಂದು ಗಾಡಿಯಿಲ್ಲ, ಒಂದು ಎತ್ತಿಲ್ಲ. ನಡೆದು ಬರುತ್ತಿರುವವಳನ್ನು ಕಂಡು ಮನೆಮನೆಯಿಂದ ಹೆಂಗಸರು ಹೊರಬಂದರು. ಒಬ್ಬರು ಕೈ ಹಿಡಿದರು, ಒಬ್ಬರು ದೃಷ್ಟಿ ತೆಗೆದು ನೆಟಿಗೆ ಮುರಿದರು. ಮೂಲೆ ಮನೆಯವರು ಆರತಿ ತಂದರು. ಗಾಡಿ ಒಳಗೆ ಬಂದಿದ್ದರೆ ಇಂಥ ಮೆರವಣಿಗೆ ಎಲ್ಲಿ ಸಿಗುತ್ತಿತ್ತು?

ಬೀಗತಿ ಮಾತ್ರ ನೆಲವನ್ನೇ ನೋಡುತ್ತ ನಡೆದರು. ನಮ್ಮ ಮುಂದಿನ ಕೋಣೆಯ ಮೂಲೆಮೂಲೆಗೆ ಬರಿಗಾಲು ಊರಿ ನೋಡಿದರು. ಕೊನೆಗೆ, "ಚೀಲ ಇಳ್ಸಿ" ಎಂದು ಸೊಸೆಯ ಬಾಣಂತನಕ್ಕೆಂದು ತಂದಿದ್ದ ಬೆಲ್ಲದಚ್ಚನ್ನು ಅಮ್ಮನ ಕೈಗಿಟ್ಟರು.

ಹದಿನೆಂಟು ದಿನ ಕಳೆದು ಒಂದು ಮಧ್ಯಾಹ್ನ ಅಕ್ಕನಿಗೆ ನೋವು ಬಂತು. ಜೊತೆಗೇ ಮಳೆಯೂ ಬಂತು. ಸೂಲಗಿತ್ತಿ ಒಳಗೆ, ಅಮ್ಮ ಬಿಸಿನೀರಿನ ತಪ್ಪಲೆ ಹಿಡಿದು ಬಾಗಿಲಲ್ಲಿ, ನಾನು ಅಮ್ಮನ ಹಿಂದೆ. ಹೊರಗೆ ಚಪ್ಪಡಿಯ ಕೆಳಗೆ ನೀರು ಓಡುತ್ತಿರುವುದು ಕೇಳಿಸುತ್ತಿತ್ತು. ಆ ಸದ್ದಿನ ಮೇಲೆ ಮಗುವಿನ ಅಳು ಬಂತು.

ಅಮ್ಮ ತಪ್ಪಲೆ ಕೆಳಗಿಟ್ಟು ಬಗ್ಗಿದಳು. ಹೊಸ್ತಿಲಿನಿಂದ ಮಂಚದ ಕಾಲಿನವರೆಗೂ ಅಂಗೈಯಿಂದ ನೆಲ ಸವರಿದಳು. ಒಣಗಿತ್ತು. ಅಲ್ಲೇ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಸೂಲಗಿತ್ತಿಯನ್ನು ಕೇಳಿದಳು:

"ಏನು ಮಗು ಕಣವ್ವ?"